ಬ್ಯಾಟರಿ ಸೋತ ಜಾಗ

ಪಣಕಹಳ್ಳಿಯ ಪುಟ್ಟಮಾದನ ಉರುಮೆ ಮಾತಾಡುತ್ತದೆ ಎಂದು ಜನ ಹೇಳುವುದು ಸುಳ್ಳು. ಅದು ಮಿಷನ್ನಿನ ಹಾಗೆ ಕೊಂಯ್ ಎನ್ನುತ್ತದೆ. ಅವನಿಗೆ ಬೇಕಾದದ್ದೂ ಅದೇ.

ಪ್ರಾಯದಲ್ಲಿ ಚಾಮರಾಜನಗರಕ್ಕೆ ಕೂಲಿಗೆ ಹೋದವನು ಒಂದು ಹಳೇ ಟೇಪ್‌ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ತಂದಿದ್ದ. ಅದರಲ್ಲಿ ಹಾಡಿಲ್ಲ, ಮಾತಿಲ್ಲ; ಬರೀ ಸಿಂಥಸೈಜರು ಎಂಬ ಕರೆಂಟು ವಾದ್ಯ, ಅದು ಹೊಸದಾಗಿ ಬಂದ ಕಾಲದ್ದು. ಬೇರೆಯವರಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದರು. ಇವನಿಗೆ ಹುಚ್ಚು ಹಿಡಿಯಿತು. ಬಾಗಿದ ಕಡ್ಡಿಯಿಂದ ಉರುಮೆಯ ಚರ್ಮ ಉಜ್ಜಿ ಆ ಜಾರುವ ದನಿ ತೆಗೆದ. ಜೊತೆಗಾರ ಮಣಿಯ ವಾಲಗ ಉದ್ದನೆಯ ಎಳೆ ಹಿಡಿಯಿತು, ಮುರುಗನ್ ತಮಟೆಯನ್ನು ಒಂದೇ ಸಮನೆ ಓಡಿಸಿದ. 'ಕರೆಂಟಿಲ್ಲದ ಮಿಷನ್ ಸೆಟ್ಟು' ಎಂದು ಗಡಿಯಂಚಿನ ತಾಳವಾಡಿ ಸುತ್ತ ಹೆಸರಾಯಿತು.

ಅವರ ವಾದ್ಯದಲ್ಲಿ ಒಂದು ಜಾಗವಿದೆ. ಅಲ್ಲಿ ದನಿ ದಣಿದು, ನಿಧಾನವಾಗಿ ಪಾತಾಳಕ್ಕಿಳಿದು, ಇನ್ನೇನು ಸತ್ತಿತು ಎನ್ನುವಾಗ ಚಂಗನೆ ಏಳುತ್ತದೆ. ಕುಣಿಯುವವರೂ ಜೊತೆಗೇ ಕುಸಿದು ನೆಲಕ್ಕೆ ಕೂತು, ಒಟ್ಟಿಗೆ ಎದ್ದು ಕೇಕೆ ಹಾಕುತ್ತಾರೆ. ಇದನ್ನು ಶುರುಮಾಡಿದವಳು ಪುಟ್ಟಮಾದನ ಹೆಂಡತಿ ದೊಡ್ಡಮಾದಮ್ಮ. ಈಗ ಮಂಡಿನೋವು, ಆದರೂ ಕೂರದೆ ಬಿಡುವವಳಲ್ಲ.

ರೈತ ಕಾಳಯ್ಯನ ಮಗಳು ನೇತ್ರ ಚಿಕ್ಕಂದಿನಿಂದ ಈ ಸೆಟ್ಟಿಗೇ ಕುಣಿದವಳು. ತನ್ನ ಮದುವೆಗೂ ಇವರೇ ಬೇಕೆಂದು ಹಟ ಹಿಡಿದಳು. ಅದನ್ನು ಹೇಳಲು ಬಂದವಳು ಫೋನು ತೆಗೆದಳು.

"ತಾತ, ನಿಮ್ ಕ್ಯಾಸೆಟ್ನಲ್ಲಿದ್ದದ್ದು ಸಿಕ್ತು. ಕೇಳಿ."

ಪುಟ್ಟಮಾದ ಕಣ್ಣುಮುಚ್ಚಿ ಕೇಳಿದ. ಕುಸಿಯುವ ಜಾಗ ಬಂತು. ಕುಸಿಯಲಿಲ್ಲ.

"ಇನ್ನೊಂದ್ ದಪ ಆಕವ್ವ."

ಆಗಲೂ ಕುಸಿಯಲಿಲ್ಲ. ದೊಡ್ಡಮಾದಮ್ಮನಿಗೆ ಮೊದಲು ಹೊಳೆಯಿತು. ಸೆರಗು ಬಾಯಿಗಿಟ್ಟು ನಕ್ಕಳು.

"ಅಯ್ಯೋ, ಬ್ಯಾಟ್ರಿ ಕಣ! ಸೋತ್ ಬ್ಯಾಟ್ರಿಯ ನಾನು ಬಿಸ್ಲಲ್ಲಿ ಒಣಗ್ಸಿ ಟೇಪಿಗೆ ಆಕ್ತಿದ್ದೆ. ಅದು ಅಲ್ಲೀಗಂಟ ಓಡಿ ಸಾಯ್ತಿತ್ತು, ಬ್ಯಾರೇದ್ ಆಕುದ್ರೆ ಎದ್ಕತಿತ್ತು. ನೀನು ಅದ್ನೂ ಕಲ್ತುಬುಟ್ಟಿದ್ದೀಯ!"

ಪುಟ್ಟಮಾದ ನಗಲಿಲ್ಲ. ಊರೂರಲ್ಲಿ ಎದೆಯುಬ್ಬಿಸಿ ನುಡಿಸಿದ್ದು ಸೋತ ಬ್ಯಾಟರಿಯನ್ನೇ? ಮಾನ ಬೀದಿಗೆ ಬಿದ್ದಂತಾಯಿತು ಅವನಿಗೆ.

"ಮದ್ವೇಲಿ ಸರಿಯಾಗೇ ನುಡಿಸ್ತೀನಿ," ಎಂದ. ಬೇಡ ಬುಡು ಎಂದು ಹೆಂಡತಿ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಮದುವೆಯ ಬೆಳಿಗ್ಗೆ ಹೆಣ್ಣನ್ನು ಚಪ್ಪರಕ್ಕೆ ಕರೆತರುವಾಗ ಸೆಟ್ಟು ಮುಂದಿತ್ತು. ಆ ಜಾಗ ಬಂತು. ಪುಟ್ಟಮಾದ ಹಲ್ಲುಕಚ್ಚಿ ನೆಟ್ಟಗೆ ದಾಟಿಸಿಬಿಟ್ಟ. ತಲೆಯೆತ್ತಿ ನೋಡಿದರೆ ಬೀದಿಯೇ ಕೂತಿದೆ! ಕಾಳಯ್ಯ ಪಂಚೆ ಹಿಡಿದು ಕೂತಿದ್ದ. ದೊಡ್ಡಮಾದಮ್ಮ ಮಂಡಿ ಹಿಡಿದು ಕೂತಿದ್ದಳು. ಈ ಕುಣಿತ ಗೊತ್ತಿಲ್ಲದ, ಗಡಿಯಾಚೆಯಿಂದ ಬಂದ ಗಂಡಿನ ಕಡೆಯವರು ಮಾತ್ರ ನಿಂತು ಮಿಕಮಿಕ ನೋಡುತ್ತಿದ್ದರು. ನಡುವೆ, ಸರಿಯಾದದ್ದನ್ನು ತಂದು ಕೇಳಿಸಿದ್ದ ನೇತ್ರಳೇ, ರೇಷ್ಮೆ ಸೀರೆಯಲ್ಲಿ ಮಣ್ಣಿಗೆ ಕೂತು ಬಾಸಿಂಗದ ಕೆಳಗಿಂದ ಅವನನ್ನೇ ನೋಡುತ್ತಿದ್ದಳು. ವಾದ್ಯ ಮುಂದೆ ಓಡುತ್ತಿತ್ತು. ಒಬ್ಬರೂ ಏಳಲಿಲ್ಲ.

"ತಾತ, ಏಳ್ಸಿ ಮತ್ತೆ! ಸೀರೆ ಮಣ್ಣಾಯ್ತದೆ."

ಇಷ್ಟು ಜನ ತನ್ನ ತಪ್ಪನ್ನೇ ಕಾಯುತ್ತಾ ಕೂತಿದ್ದಾರಲ್ಲ ಎಂದು ಪುಟ್ಟಮಾದನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕಡ್ಡಿಯನ್ನು ಚರ್ಮಕ್ಕೊತ್ತಿ ಬ್ಯಾಟರಿ ಸಾಯಿಸಿದ. ಮಣಿಯೂ ಮುರುಗನ್ನೂ ಹಿಂದೆಯೇ ಇಳಿದರು. ಪಾತಾಳ ಮುಟ್ಟಿ, ಒಂದು ಗಳಿಗೆ ತಡೆದು, ಎಬ್ಬಿಸಿದ.

ಬೀದಿ ಎದ್ದು ಕೇಕೆ ಹಾಕಿತು. ಏಳಲಾರದ ದೊಡ್ಡಮಾದಮ್ಮನನ್ನು ಮದುಮಗಳೇ ಕೈಹಿಡಿದು ಎತ್ತಿದಳು.

ಮುದುಕಿ ಸೀರೆ ಕೊಡವಿಕೊಂಡು ಗಂಡನ ಕಡೆ ತಿರುಗಿದಳು.

"ಇನ್ನೊಂದ್ ದಪ ಸಾಯ್ಸು ಕಣ."