ಬೆಂಡು ತೆಗೆಯುವ ಭಾವ

ಊರಿನವರ ಕಾಲಳತೆಯನ್ನೆಲ್ಲ ತೆಗೆಯುವ ಟೈಲರ್ ತನ್ನ ಕಾಲಳತೆಯೊಂದನ್ನು ಮರೆತು ಎತ್ತರದ ಅಡ್ವೆಂಚರ್ ಬೈಕು ಕೊಂಡಿದ್ದ. ಅಕ್ಕನ ಗಂಡನ ಅಂಗಡಿಯ ಮುಂದೆ ಠೀವಿಯಿಂದ ನಿಲ್ಲಿಸಿ ಕಾಲು ಚಾಚಿದ, ನೆಲ ಸಿಗಲಿಲ್ಲ. ಬೈಕು ಅವಸರವಿಲ್ಲದೆ ಅವನನ್ನು ಮಲಗಿಸಿ ತಾನೂ ಮಲಗಿತು. ಬೀದಿಯೆಲ್ಲ ನೋಡಿತು.

"ಐವತ್ತು ದಾಟಿದ ಮೇಲೆ ಕುದುರೆ ಹತ್ತಿದ್ದೀಯ. ಏಣಿ ಎಲ್ಲೋ?" ಎಂದಳು ಹೊರಬಂದ ಅಕ್ಕ.

"ನಗ್ಬೇಡ ಕಣೇ ಅಕ್ಕ, ಮೊದಲು ಎತ್ತು."

ಅವನು ಬಂದದ್ದು ಬೀಳುವುದಕ್ಕಲ್ಲ. ಹಿಂದಿನ ದಿನ ಗುಂಡಿಗೆ ಇಳಿದು ಮುಂದಿನ ಚಕ್ರ ಬೆಂಡಾಗಿತ್ತು. ಬೆಂಡು ತೆಗೆಯುವುದೇ ಭಾವನ ಕಸುಬು. ಭಾವನಿಗೆ ಕೆಲಸ ಬಂದು ಬಹಳ ಕಾಲವಾಗಿತ್ತು. ಪೇಟೆಯ ಬೈಕುಗಳೆಲ್ಲ ಅಲಾಯ್ ಚಕ್ರಕ್ಕೆ ಬದಲಾಗಿದ್ದವು: ಚಿಕ್ಕದು, ಒಂದೇ ಎರಕದ್ದು, ನುಣುಪು ರಸ್ತೆಯಲ್ಲಿ ಚುರುಕಾಗಿ ತಿರುಗುವಂಥದ್ದು. ಏಟು ಜೋರಾದರೆ ಬಿರುಕು ಬಿಡುತ್ತದೆ, ಬಿಟ್ಟ ಮೇಲೆ ಭಾವನಿಗೆ ಅಲ್ಲೇನೂ ಕೆಲಸವಿಲ್ಲ. ಕಲ್ಲುದಾರಿಗೆಂದೇ ಮಾಡಿದ ಈ ಬೈಕಿನ ಮುಂದಿನ ಚಕ್ರವೋ ದೊಡ್ಡದು, ಕಡ್ಡಿಗಳದ್ದು. ಒಟ್ಟು ಕುಟುಂಬದ ಹಾಗೆ ಪ್ರತಿ ಕಡ್ಡಿಯೂ ತನ್ನ ಕಡೆಗೇ ಎಳೆಯುತ್ತದೆ, ಹೇಗೋ ಚಕ್ರ ದುಂಡಗೆ ನಿಲ್ಲುತ್ತದೆ. ಬಾಗಿದರೂ ಸರಿಮಾಡಬಹುದು.

"ಭಾವ, ನಿಮ್ಮ ಕಾಲ ವಾಪಸ್ ಬಂತು. ನಾಳೆ ಗೆಳೆಯರ ಜೊತೆ ಬೆಟ್ಟ ಹತ್ತಬೇಕು. ಇದೊಂದು ಸರಿಮಾಡಿ, ಅವರ ಗಾಡಿಗಳೆಲ್ಲ ನಿಮ್ಮ ಹತ್ರಾನೇ ಬರ್ತವೆ."

ಭಾವ ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಏರಿಸಿದರು. ಕಡ್ಡಿ ತಿರುಗಿಸುವ ಕೀಯಿಂದ ಅಲ್ಲಲ್ಲಿ ಬಿಗಿದು, ಆಮೇಲೆ ಅದರಿಂದಲೇ ಒಂದೊಂದೇ ಕಡ್ಡಿಯನ್ನು ಮೀಟುತ್ತ ಹೋದರು. ಬಿಗಿ ಕಡ್ಡಿ ಟಿಣ್ ಎನ್ನುತ್ತದೆ, ಸಡಿಲ ಕಡ್ಡಿ ಟಪ್ ಎನ್ನುತ್ತದೆ. ಅವರ ಇಡೀ ಬದುಕು ಈ ಎರಡು ಸದ್ದುಗಳ ನಡುವೆ ಸವೆದಿತ್ತು. ಟಿಣ್. ಟಿಣ್. ಟಪ್. ಭಾವ ಬಿಗಿಯದೆ ಮುಂದಕ್ಕೆ ಹೋದರು. ಟಿಣ್. ಟಪ್. ಮತ್ತೆ ಮುಂದಕ್ಕೆ.

ಟೈಲರ್ ಬಾಯಿ ತೆರೆದ. ಗಂಡನ ಬೆನ್ನ ಹಿಂದೆ ನಿಂತಿದ್ದ ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಅವಳ ಮುಖದಲ್ಲಿ ನಗು ಉಳಿದಿರಲಿಲ್ಲ. ಈಚೆಗೆ ಅವಳು ಮನೆಯಲ್ಲಿ ಭಾವನಿಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಯಾಕೆಂದು ಅವನಿಗೆ ಈಗ ತಿಳಿಯಿತು.

ಸುಮ್ಮನಿದ್ದರೆ ನಾಳೆ ಈ ಚಕ್ರದ ಮೇಲೆ ಬೆಟ್ಟ ಇಳಿಯಬೇಕು. ಬಾಯಿಬಿಟ್ಟರೆ ಭಾವನಿಗೆ ಗೊತ್ತಿದ್ದ ಒಂದೇ ಕೆಲಸವನ್ನು ತಾನೇ ಕಿತ್ತುಕೊಂಡಂತೆ.

ಭಾವ ಕೊನೆಯ ಕಡ್ಡಿ ಮೀಟಿ, ಕೀ ಕೆಳಗಿಟ್ಟು, ಕೈ ಒರೆಸಿಕೊಂಡರು. ಟೈಲರ್ ಅವರೆದುರು ಕುಕ್ಕರಗಾಲಲ್ಲಿ ಕೂತು ಗಟ್ಟಿಯಾಗಿ ಕೇಳಿದ:

"ಭಾವ, ಎಲ್ಲಾ ಕಡ್ಡೀನೂ ಸರಿಯಾಗಿ ಕೇಳಿಸ್ತಾ?"

"ಒಂದೂ ಇಲ್ಲ," ಎಂದರು ಭಾವ. "ನಾಳೆ ಬಸ್ಸಲ್ಲಿ ಹೋಗು."