ಕಾರಿನ ಕೆಳಗಿನ ಕೆಂಪು

ನನ್ನ ಎಡಗಾಲು ಬಲು ಜಾಣ. ಪೋಲಿಯೊದ ನೆಪ ಹೇಳಿ ಚಿಕ್ಕಂದಿನಲ್ಲೇ ಕೆಲಸದಿಂದ ನಿವೃತ್ತಿ ಪಡೆದುಬಿಟ್ಟಿತು. ಅಂದಿನಿಂದ ಎರಡೂ ಕಾಲುಗಳ ದುಡಿಮೆಯನ್ನು ಬಲಗಾಲೇ ದುಡಿಯುತ್ತಿದೆ. ಮದುವೆಯ ದಿನ ಹೊಸ್ತಿಲಲ್ಲಿ ಅತ್ತೆ, “ಬಲಗಾಲಿಟ್ಟು ಒಳಗ ಬಾರವ್ವಾ” ಎಂದಾಗ, ನನಗಿರುವುದೇ ಅದೊಂದು ಎಂದು ಒಳಗೊಳಗೇ ನಗು ಬಂದಿತ್ತು.

ಇಂಥವಳಿಗೆ ಹೇಳಿ ಮಾಡಿಸಿದ್ದು ಆಟೊಮ್ಯಾಟಿಕ್ ಕಾರು. ಅದರಲ್ಲಿ ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ, ಎಡಗಾಲು ಆರಾಮಾಗಿ ಮಲಗಿರಬಹುದು. ಹೈದರಾಬಾದಿನಲ್ಲಿ ಯಾರೋ ಓಡಿಸಿ ಬಿಟ್ಟ ಅಂಥದೊಂದು ಹಳೆಯ ಕಾರನ್ನು ನಮ್ಮವರು ತಂದುಕೊಟ್ಟರು. ಶಹಾಪುರದ ಮನೆಯಿಂದ, ನಾನು ಪಾಠ ಹೇಳುವ ವನದುರ್ಗದ ಶಾಲೆಗೆ ನಾನೇ ಓಡಿಸಿಕೊಂಡು ಹೋಗತೊಡಗಿದೆ. ಅಲ್ಲಿಯವರೆಗೆ ನನ್ನ ಬದುಕು ‘ಬಿಟ್ಟು ಬರ್ತೀನಿ’ ಎಂಬ ಒಂದೇ ಮಾತಿನ ಮೇಲೆ ನಡೆದಿತ್ತು. ಅಪ್ಪ ಶಾಲೆಗೆ ಬಿಟ್ಟು ಬರುತ್ತಿದ್ದರು, ಅಣ್ಣ ಕಾಲೇಜಿಗೆ ಬಿಟ್ಟು ಬರುತ್ತಿದ್ದ, ಆಮೇಲೆ ನಮ್ಮವರು ನೌಕರಿಗೆ ಬಿಟ್ಟು ಬರುತ್ತಿದ್ದರು. ಪ್ರೀತಿಯ ಮಾತೇ, ಇಲ್ಲವೆನ್ನಲಾರೆ. ಆದರೆ ಕಾಲುವೆ ಪಕ್ಕದ ರಸ್ತೆಯಲ್ಲಿ ಕಿಟಕಿ ಇಳಿಸಿ, ಭತ್ತದ ಗದ್ದೆಯ ಗಾಳಿಗೆ ಮುಖ ಕೊಟ್ಟು, ಯಾರಿಗೂ ಕೇಳಿಸದ ಧೈರ್ಯದಲ್ಲಿ ಬೇಸೂರಾಗಿ ಹಾಡುತ್ತ ಒಬ್ಬಳೇ ಹೋಗುವ ಸುಖ ಬೇರೆಯೇ.

ಆ ಸುಖಕ್ಕೆ ಈ ಬೇಸಿಗೆಯಲ್ಲಿ ಕಲ್ಲು ಬಿತ್ತು. ಗೇರಿನ ಹಿಡಿಯನ್ನು ಮುಂದಕ್ಕೆ ಹೋಗುವ ಜಾಗಕ್ಕೆ ತಂದರೂ ಕಾರು ಹೊರಡಲೊಲ್ಲದು. ಬೆಳಿಗ್ಗೆ ಎಬ್ಬಿಸಿದರೆ ಹ್ಞೂಂ ಎಂದು ಮತ್ತೆ ಮಗ್ಗುಲಾಗುವವರ ಹಾಗೆ, ಎಂಜಿನ್ನು ಗುರ್ ಎನ್ನುತ್ತದೆ, ಗಾಲಿಗಳು ಮಾತ್ರ ಮಲಗಿರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಧಡಕ್ಕನೆ ಎದ್ದು ಓಡುತ್ತದೆ. ಸೇತುವೆಯ ಏರಿನಲ್ಲಿ ಸದ್ದು ಏರುತ್ತದೆ, ಕಾರು ಏರುವುದಿಲ್ಲ.

ಊರಿಗೆ ಅದೊಂದೇ ಅಂಥ ಕಾರು ಎಂದ ಮೇಲೆ ಊರೆಲ್ಲ ವೈದ್ಯರು. ಪಕ್ಕದ ಮನೆಯವರು ಪೆಟ್ರೋಲಿನಲ್ಲಿ ಕಲಬೆರಕೆ ಎಂದರು. ಶಾಲೆಯ ಹಿರಿಯ ಮೇಡಂ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದುಕೊಟ್ಟರು. ಕಾರು ಅದನ್ನೂ ಕಟ್ಟಿಕೊಂಡು ನಿಂತಲ್ಲೇ ನಿಂತಿತು. ಬಸ್ ನಿಲ್ದಾಣದ ಹತ್ತಿರದ ಮೆಕ್ಯಾನಿಕ್ ಚಾಂದಸಾಬ್ ಟ್ರ್ಯಾಕ್ಟರು, ಜೀಪುಗಳ ನಾಡಿ ಬಲ್ಲವನು. ಅವನು ಬಾನೆಟ್ ಎತ್ತಿ, ಸಾವಿನ ಮನೆಗೆ ಬಂದವನಂತೆ ತಲೆ ಅಲ್ಲಾಡಿಸಿದ.

“ಗೇರ್ ಡಬ್ಬಿ ಖತಂ ಆಗ್ಯಾದ್ರಿ ಅಕ್ಕೋರ. ಬಿಚ್ಚು ಅಂದ್ರ ಬಿಚ್ಚತೀನಿ. ಖರೆ, ತಿರುಗಿ ಕೂಡಿಸೋದು ನನ್ನ ಕೈಲಿ ಆಗಂಗಿಲ್ಲ.”

ಫೋನಿನಲ್ಲಿ ಹೈದರಾಬಾದಿನ ಮೆಕ್ಯಾನಿಕ್ ಒಬ್ಬನೂ ಅದನ್ನೇ ಹೇಳಿದ. ನಮ್ಮವರು ಯಾದಗಿರಿಯ ಗಿರಾಕಿಯೊಬ್ಬರಿಗೆ ಭಾನುವಾರ ಬಂದು ಕಾರು ನೋಡಲು ಹೇಳಿಬಿಟ್ಟರು. “ಚಿಂತಿ ಮಾಡಬ್ಯಾಡ, ಮೊದಲಿನಂಗ ನಾನ ಬಿಟ್ಟು ಬರ್ತೀನಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಅಂದಿನ ಸಾರಿಗೆ ಈರುಳ್ಳಿ ಬೇಕಿರಲಿಲ್ಲ.

ಇದೇ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಇನ್ನೊಂದು ಖಟ್ಲೆ ನಡೆದಿತ್ತು. ಮಾವನವರಿಗೆ ಎಲೆ-ಅಡಿಕೆಯ ಚಟ. ಬೆಳಿಗ್ಗೆ ಕಸ ಗುಡಿಸುವ ಅತ್ತೆಗೆ ಕಾರಿನ ಕೆಳಗೆ ಕೆಂಪು ಕಲೆ ಕಾಣುತ್ತಿತ್ತು. ಸಾಕ್ಷಿ ಬೇಕೇ?

“ಗಿಡದ ಬುಡ ಬಿಟ್ಟು ಸೊಸಿ ಕಾರಿನ ಬುಡಕ್ಕ ಉಗುಳ್ತೀರಲ್ಲ, ನಾಚ್ಕಿ ಬರಂಗಿಲ್ಲೇನ್ರಿ?”

“ನಾ ಉಗುಳೋದು ದಾಸಾಳ ಗಿಡದ ಬುಡಕ್ಕ. ಕಾರಿನ ಕೆಳಗ ಬಗ್ಗಿ ಉಗುಳಾಕ ನನ್ನ ಸೊಂಟ ಎಲ್ಲಿ ಬಗ್ತದ?”

ವಾದ ಗಟ್ಟಿಯಾಗಿಯೇ ಇತ್ತು. ಆದರೆ ಹಳೆಯ ಆರೋಪಿಯ ಮಾತನ್ನು ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. ಮರ್ಯಾದೆ ಇದ್ದಲ್ಲಿ ಇರುತ್ತೇನೆಂದು ಮಾವನವರು ಕೈಚೀಲ ಹಿಡಿದು ಸುರಪುರದ ಮಗಳ ಮನೆಗೆ ಹೊರಟುಹೋದರು.

ಅವರು ಹೋದ ಮರುದಿನ ಅಂಗಳದಿಂದ ಅತ್ತೆಯ ದನಿ ಕೇಳಿಸಿತು. ಪೊರಕೆ ಹಿಡಿದು ನಿಂತೇ ಇದ್ದರು.

“ಇವರು ಊರಾಗಿಲ್ಲ. ಮತ್ತ ಇದನ್ಯಾರು ಉಗುಳ್ಯಾರ?”

ಕಾರಿನ ಕೆಳಗೆ ಹೊಸ ಕೆಂಪು ಕಲೆ. ನಾನು ಗೋಡೆ ಹಿಡಿದು ಹೇಗೋ ಕುಳಿತು ಬೆರಳಿಗೆ ಹಚ್ಚಿಕೊಂಡೆ. ಜಿಡ್ಡು ಜಿಡ್ಡು. ಮೂಸಿದರೆ ಅಡಿಕೆಯ ವಾಸನೆಯಿಲ್ಲ, ಸುಣ್ಣದ ವಾಸನೆಯಿಲ್ಲ.

ಹಳೆಯ ಕಾಲದ ವೈದ್ಯರು ರೋಗಿಯನ್ನು ಅರಿಯಲು ಮೂರು ದಾರಿ ಹೇಳಿದ್ದಾರೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡು, ಮುಟ್ಟು, ಕೇಳು. ನಾವು ಕೇಳುವುದರಲ್ಲಿ ಕಡಿಮೆ ಮಾಡಿರಲಿಲ್ಲ; ಹೈದರಾಬಾದಿನವರೆಗೂ ಕೇಳಿದ್ದೆವು. ನೋಡಿದ್ದೂ ಹೌದು, ದಿನಾ ಬೆಳಿಗ್ಗೆ ಆ ಕಲೆಯನ್ನು ನೋಡಿ ಅದರ ಮೇಲೆ ನೀರು ಹೊಯ್ದು ಗುಡಿಸಿದ್ದೆವು. ಮುಟ್ಟಿರಲಿಲ್ಲ ಅಷ್ಟೆ. ಮಾವನವರ ಉಗುಳೆಂದು ತೀರ್ಮಾನವಾದ ಮೇಲೆ ಯಾರು ಮುಟ್ಟುತ್ತಾರೆ?

ಚಾಂದಸಾಬ್ ಬಂದು ಕಾರಿನ ಕೆಳಗೆ ತೂರಿಕೊಂಡ. ಒಳಗಿನಿಂದಲೇ ನಗು ಕೇಳಿಸಿತು. ಗೇರ್ ಡಬ್ಬಿಗೆ ಎಂಜಿನ್ನಿನದಲ್ಲದ ಬೇರೆಯೇ ಎಣ್ಣೆ. ಹೊಸದಿದ್ದಾಗ ದಾಳಿಂಬೆಯ ಬಣ್ಣ, ಹಳತಾದರೆ ಥೇಟ್ ತಾಂಬೂಲದ ರಸ. ಅದನ್ನು ತಂಪು ಮಾಡಲು ಒಯ್ಯುವ ರಬ್ಬರ್ ಪೈಪು ಬಿರಿದು, ಹನಿಹನಿಯಾಗಿ ಸೋರಿ, ಡಬ್ಬಿಯೊಳಗೆ ಗೇರುಗಳನ್ನು ಒತ್ತಿ ಹಿಡಿಯುವಷ್ಟು ಎಣ್ಣೆಯೇ ಉಳಿದಿರಲಿಲ್ಲ.

“ಡಬ್ಬಿಗೆ ಏನೂ ಆಗಿಲ್ಲರಿ ಅಕ್ಕೋರ. ಹೊಟ್ಟಿ ಹಸದದ. ನಾನೂ ಮ್ಯಾಲಿಂದ ನೋಡಿ ಮಣ್ಣಿಗೆ ಇಡಾಕ ಹೊಂಟಿದ್ದೆ.”

ಶನಿವಾರ ಕಲಬುರಗಿಯಿಂದ ಪೈಪು, ಎಣ್ಣೆ ಬಂದವು. ಸಂಜೆ ಗೇರಿನ ಹಿಡಿ ಎಳೆದೆ. ಎಂಜಿನ್ನು ಗುರುಗುಟ್ಟಲಿಲ್ಲ, ಗಾಲಿಗಳು ಮಗ್ಗುಲಾಗಲಿಲ್ಲ. ಕಾರು ಸದ್ದಿಲ್ಲದೆ ಬೆಣ್ಣೆಯಂತೆ ಮುಂದೆ ಜಾರಿತು. ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ; ಈ ಸಲ ಈರುಳ್ಳಿ ಬೇಕಾಗಲಿಲ್ಲ.

ಭಾನುವಾರ ಯಾದಗಿರಿಯ ಗಿರಾಕಿ ಬಂದರು. ಮಂಡಕ್ಕಿ ಒಗ್ಗರಣೆ, ಚಹಾ ಕೊಟ್ಟು, ಕಾರು ಮಾರುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ವಾಪಸು ಹೋಗಲು ಎದ್ದಾಗ ನನ್ನ ಬಾಯಿಂದ ತಾನಾಗಿಯೇ ಬಂತು: “ನಡೀರಿ, ಬಸ್ ಸ್ಟ್ಯಾಂಡಿಗೆ ನಾನ ಬಿಟ್ಟು ಬರ್ತೀನಿ.” ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಾತನ್ನು ಮೊದಲ ಸಲ ನಾನೇ ಆಡಿದ್ದೆ. ನಮ್ಮವರು ನನ್ನನ್ನೇ ನೋಡಿದರು. ಆಮೇಲೆ ಬಂದು ಗೇಟು ತೆರೆದರು.

ಅದೇ ಸಂಜೆ ಅತ್ತೆಯನ್ನು ಕೂರಿಸಿಕೊಂಡು ಸುರಪುರಕ್ಕೆ ಹೋಗಿ ಮಾವನವರನ್ನು ಕರೆತಂದೆ. ಅತ್ತೆ ಕ್ಷಮೆ ಕೇಳುವ ಜಾತಿಯಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಮಾತಿಲ್ಲದೆ ಗಂಡನ ಕೈಗಿಟ್ಟರು. ಮಾವನವರೂ ಮಾತಿಲ್ಲದೆ ಬಾಯಿಗಿಟ್ಟರು. ಮಾತಾಡದಿರಲು ಅವರಿಗೆ ಅದೂ ಒಂದು ಅನುಕೂಲ.

ಈಗ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಂಗಳದಲ್ಲಿ ಎರಡು ಕಡೆ ನೋಡುತ್ತೇನೆ. ಕಾರಿನ ಕೆಳಗೆ ಕೆಂಪು ಇಲ್ಲವೆಂದರೆ ಕಾರು ಚೆನ್ನಾಗಿದೆ. ದಾಸವಾಳದ ಬುಡದಲ್ಲಿ ಕೆಂಪು ಇದೆಯೆಂದರೆ ಮಾವನವರು ಚೆನ್ನಾಗಿದ್ದಾರೆ. ಎರಡೂ ಖಾತ್ರಿಯಾದ ಮೇಲೆ ಕಿಟಕಿ ಇಳಿಸಿ, ಬಲಗಾಲಿಟ್ಟು ಹೊರಡುತ್ತೇನೆ.