ಕುರಿಯಿಲ್ಲದ ಉಣ್ಣೆ

ಬೆಳಗಿನ ಐದು ಗಂಟೆ. ಬಿಡದಿ ಕೈಗಾರಿಕಾ ಪ್ರದೇಶದ ಕಾಂಪೌಂಡಿಗೆ ಆತುಕೊಂಡಿರುವ ಹಟ್ಟಿಯಲ್ಲಿ ಭದ್ರಮ್ಮ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ನಿನ್ನೆ ನಾಲ್ಕು ಸಲ ಒಗೆದು ಒಣಗಿಸಿದ ಮೆತ್ತನೆಯ ನೀಲಿ ಬಟ್ಟೆಯನ್ನು ಕಲ್ಲಿನ ಮೇಲೆ ಹಾಸಿ, ಚಮಚದಲ್ಲಿ ಒಂದಿಷ್ಟು ನೀರು ಬಿಡುತ್ತಾರೆ. ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಾಡುತ್ತದೆ. "ಇನ್ನೂ ಕುಡೀತಿಲ್ಲ ಇದು" ಎನ್ನುತ್ತ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತಾರೆ.

ಅರವತ್ತು ದಾಟಿದ ಈ ಹೆಂಗಸು ಹೊಲಿಯುವುದು ರವಿಕೆಯಲ್ಲ, ಲಂಗವಲ್ಲ. ಗಿನಿಪಿಗ್ ಎಂಬ ಗೇಣುದ್ದದ ಸಾಕುಪ್ರಾಣಿಯ ಪಂಜರಕ್ಕೆ ಹಾಸು. ಅವರ ಬಾಯಲ್ಲಿ ಅದು ಗಿಣಿಪಿಕ್ಕು. "ಗಿಣೀನೂ ಅಲ್ಲ, ಹಂದೀನೂ ಅಲ್ಲ. ಬಾಲ ಇಲ್ದಿರೋ ಇಲಿ ಅನ್ಕಳಿ. ಕಾಲಡಿ ಮಾತ್ರ ಎಳೆಮಗೀದು ಇದ್ದಂಗೈತೆ" ಎಂದು ಹೇಳುವಾಗ ಅವರ ಮುಖದಲ್ಲಿ ನಗು ಒಂದು ಗಳಿಗೆ ಬಂದು ಹೋಗುತ್ತದೆ.

ಬಟ್ಟೆಯ ಹೆಸರು ಫ್ಲೀಸ್. ಇಂಗ್ಲಿಷಿನಲ್ಲಿ ಆ ಮಾತಿಗೆ ಕುರಿಯ ಮೈಯುಣ್ಣೆ ಎಂದೇ ಅರ್ಥವಂತೆ. ಪಾಪ, ಕುರಿ ಇದನ್ನು ಕನಸಿನಲ್ಲೂ ಕಂಡಿಲ್ಲ; ಇದು ಪ್ಲಾಸ್ಟಿಕ್ ನೂಲು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸ್ವೆಟರ್ ಕತ್ತರಿಸಿ ಉಳಿದ ತುಂಡುಗಳನ್ನು ಗುಜರಿ ಗಫಾರ್ ಮೂಟೆಯಲ್ಲಿ ತಂದುಕೊಡುತ್ತಾನೆ. ಐದಾರು ಸಲ ಒಗೆದರೆ ಅದರ ಜಿಡ್ಡು ಬಿಟ್ಟು, ನೀರನ್ನು ಕೆಳಕ್ಕೆ ಇಳಿಸಿ ಮೇಲೆ ಒಣಗಿರುತ್ತದೆ. ಅದರ ಕೆಳಗೆ ಎರಡು ಪದರ ಹಳೆ ಟವೆಲ್ ಇಟ್ಟು ಸುತ್ತ ಹೊಲಿಗೆ ಹಾಕಿದರೆ ಹಾಸು ಸಿದ್ಧ. ದಿನಕ್ಕೆ ಆರು, ಕೈ ನೋಯದ ದಿನ ಎಂಟು. ಮುಗಿದ ಹಾಸನ್ನು ಕೆನ್ನೆಗೆ ಉಜ್ಜಿ ನೋಡುತ್ತಾರೆ. ಎಳೆಯೊಂದು ಎದ್ದಿದ್ದರೆ ಮರಿಯ ಉಗುರಿಗೆ ಸುತ್ತಿಕೊಳ್ಳುತ್ತದೆಂಬ ಭಯ.

ಈ ಮನೆಯಲ್ಲಿ ಒಂದು ಕಾಲಕ್ಕೆ ಅರವತ್ತೆರಡು ಕುರಿಗಳಿದ್ದವು. ಗಂಡ ಮಾಯಣ್ಣ ಒಂದೊಂದಕ್ಕೂ ಹೆಸರಿಟ್ಟಿದ್ದರು. ಅತ್ತೆ ಉಣ್ಣೆ ನೂಲುತ್ತಿದ್ದರು, ಮಾವ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಮೇಯುತ್ತಿದ್ದ ಬಯಲಿಗೆಲ್ಲ ಕಾಂಪೌಂಡು ಎದ್ದ ಮೇಲೆ ಕುರಿಗಳನ್ನು ಹಿಂಡುಹಿಂಡಾಗಿ ಮಾರಿದ್ದಾಯಿತು. ಕುರಿ ಮೇಯಿಸಿದ ನೆಲವನ್ನೇ ಕಾಯಲು ಮಾಯಣ್ಣ ಗೇಟಿನಲ್ಲಿ ವಾಚ್‌ಮನ್ ಆಗಿ ನಿಂತರು. ಹಣೆಬರಹ ಅನ್ನುವುದು ಇದಕ್ಕೇ ಇರಬೇಕು.

ಹಾಸು ಹೊಲಿಯುವ ಕೆಲಸ ಹಚ್ಚಿದವರು ರಾಮನಗರದ ನಿವೃತ್ತ ಶಿಕ್ಷಕಿ ಸರಸಮ್ಮ. ಅವರು ಹಿತ್ತಿಲಲ್ಲಿ ಗಿನಿಪಿಗ್ ಸಾಕಿ ಬೆಂಗಳೂರಿನ ಅಂಗಡಿಗಳಿಗೆ ಕಳಿಸುತ್ತಾರೆ. ಮೊದಲ ಸಲವೇ ಭದ್ರಮ್ಮ ಎಡವಿದರು. ಬಟ್ಟೆ ತೀರ ಸಡಿಲ ಅನ್ನಿಸಿ, ಕಂಬಳಿಗೆ ಬಳಿಯುವಂತೆ ಹುಣಸೆಬೀಜದ ಗಂಜಿ ಕಾಯಿಸಿ ಬಳಿದು, ಬಿರುಸಾಗಿ ಒಣಗಿಸಿ ಕೊಟ್ಟರು. ಮಳೆ ನೀರು ಒಳಕ್ಕೆ ಇಳಿಯದಿರಲಿ ಎಂದು ಕಂಬಳಿಗೆ ಗಂಜಿ ಹಾಕುವುದು, ಇಲ್ಲಿ ಇಳಿಯಲೇಬೇಕಿತ್ತು. ಉಚ್ಚೆ ಮೇಲೆಯೇ ನಿಂತು ನಾಲ್ಕು ಮರಿಗಳ ಕಾಲಡಿ ಹುಣ್ಣಾಯಿತು. ಸರಸಮ್ಮ ಬೈಯಲಿಲ್ಲ, ಮರಿಯನ್ನು ಎತ್ತಿ ಆ ಕಾಲನ್ನು ತೋರಿಸಿದರು. "ಬೈದಿದ್ರೆ ಮರ್ತೋಗ್ತಿತ್ತು ಕಣವ್ವ" ಎನ್ನುತ್ತಾರೆ ಭದ್ರಮ್ಮ.

ಅದೇ ಕಾಲು ಮುಂದೊಂದು ದಿನ ಅವರಿಗೆ ದಾರಿ ತೋರಿಸಿತು. ಮೂರು ವರ್ಷದ ಹಿಂದೆ ಮಾಯಣ್ಣನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು, ಮಾತು ತೊದಲಾಯಿತು, ಎಲ್ಲವೂ ಹಾಸಿಗೆಯಲ್ಲೇ ಆಯಿತು. ಮನೆಯ ಕಂಬಳಿ ಹಾಸಿದರು, ರಬ್ಬರ್ ಶೀಟು ಹಾಸಿದರು. ತಿಂಗಳೊಳಗೆ ಬೆನ್ನು ಹುಣ್ಣಾಯಿತು. ಹುಣ್ಣು ಒರೆಸುತ್ತಿದ್ದ ಭದ್ರಮ್ಮನಿಗೆ ಮರಿಯ ಕಾಲು ನೆನಪಾಯಿತು. ಅವತ್ತೇ ಕೂತು ಫ್ಲೀಸಿನ ತುಂಡುಗಳನ್ನು ಜೋಡಿಸಿ ಆಳುದ್ದದ ಹಾಸು ಹೊಲಿದರು. ಗಂಡನನ್ನು ಇಲಿ ಹಾಸಿಗೆಯ ಮೇಲೆ ಮಲಗಿಸಿದ್ದಾಳೆಂದು ಹಟ್ಟಿ ಆಡಿಕೊಂಡಿತು. ಆಡಿಕೊಳ್ಳುವವರ ಬಾಯಿಗೆ ಬೀಗ ಉಂಟೇ?

ಮಾಯಣ್ಣ ಮಾತ್ರ ಬಲಗೈಯಲ್ಲಿ ಹಾಸನ್ನು ಸವರಿ, ಇದು ಯಾವ ಕುರಿಯದು ಎಂದು ಕೇಳಿದರು. ಪ್ಲಾಸ್ಟಿಕ್ಕು ಎನ್ನಲು ಭದ್ರಮ್ಮನಿಗೆ ನಾಲಿಗೆ ಏಳಲಿಲ್ಲ. ಹಣೆಯಲ್ಲಿ ಬೊಟ್ಟಿದ್ದ ಹಳೆಯ ಕುರಿಯೊಂದು ನೆನಪಾಗಿ, ಬೊಟ್ಟೀದು ಎಂದುಬಿಟ್ಟರು. ಅಂದಿನಿಂದ ಹಾಸು ಬದಲಿಸಿದಾಗಲೆಲ್ಲ ಅದೇ ಪ್ರಶ್ನೆ. ಮಾರಿದ ಕುರಿಗಳಲ್ಲಿ ಒಂದೊಂದರ ಹೆಸರೇ ಉತ್ತರ.

ಈಗ ಆ ಹಾಸಿಗೇ ಕುತ್ತು ಬಂದಿದೆ. ವಿದೇಶದ ಆರ್ಡರು ಬಿದ್ದುಹೋಗಿ ಫ್ಯಾಕ್ಟರಿಯಲ್ಲಿ ಸ್ವೆಟರ್ ಹೊಲಿಯುವುದು ನಿಂತಿದೆಯಂತೆ. ಗಫಾರ್ ಎರಡು ತಿಂಗಳಿಂದ ಬರಿಗೈಯಲ್ಲಿ ಬರುತ್ತಿದ್ದಾನೆ. ಅಜ್ಜಿಗೆ ಅರಿವೆ ಚಿಂತೆ ಎನ್ನುವುದು ಭದ್ರಮ್ಮನ ಪಾಲಿಗೆ ಬರೀ ಗಾದೆಯಲ್ಲ. ಮಾಯಣ್ಣನ ನಾಲ್ಕು ಹಾಸುಗಳಲ್ಲಿ ಎರಡು ಸವೆದು ಜಾಲರಿಯಾಗಿವೆ. ಮೂಟೆಯ ತಳದಲ್ಲಿ ಉಳಿದಿರುವ ತುಂಡು ಸರಸಮ್ಮನ ಪಂಜರಗಳಿಗೆ ಸಾಕು, ಇಲ್ಲವೇ ಗಂಡನಿಗೆ ಒಂದು ಹಾಸು ಹೊಲಿಯಲು ಸಾಕು. ಎರಡಕ್ಕೂ ಸಾಲದು. ಈ ಸಲ ಹಾಸು ಇಲ್ಲ, ತಪ್ಪು ತಿಳಿಯಬೇಡಿ ಎಂದು ಸರಸಮ್ಮನಿಗೆ ಹೇಳಿ ಕಳಿಸಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಹಾಸಿನ ಹೊಲಿಗೆಯೊಂದನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. "ಜೋಡ್ಣೆ ಇಲ್ದಿರೋ ಒಂದೇ ತುಂಡು ಸಿಕ್ಕಿದ್ರೆ ಸಾಕಿತ್ತು, ಅವ್ರು ಉದ್ದುಕ್ಕೆ. ಹೊಲ್ಗೆ ಬೆನ್ಗೆ ಒಸಿ ಒತ್ತುತದೆ."

ಬಿಸಿಲೇರಿದಾಗ, ನಸುಕಿನಲ್ಲಿ ಅದ್ದಿದ್ದ ಆ ನೀಲಿ ಬಟ್ಟೆ, ಹನ್ನೊಂದು ತುಂಡುಗಳ ಹೊಸ ಹಾಸು, ನೀರು ಕುಡಿದು ಪರೀಕ್ಷೆ ಗೆದ್ದು ಒಣಗಿರುತ್ತದೆ. ಭದ್ರಮ್ಮ ಗಂಡನನ್ನು ಮೆಲ್ಲಗೆ ಹೊರಳಿಸಿ, ಬೆನ್ನು ನೋಡಿ ಎಂದು ಮಾತಾಡಿಸಲು ಬಂದವರನ್ನು ಕರೆಯುತ್ತಾರೆ. ಹಳೆಯ ಹುಣ್ಣಿನ ಕಲೆಗಳಿವೆ. ಹೊಸದು ಒಂದೂ ಇಲ್ಲ. ಹಾಸು ಎಳೆದು ಸರಿಮಾಡಿ ಮತ್ತೆ ಮಲಗಿಸುತ್ತಾರೆ. ಮಾಯಣ್ಣನ ಬಲಗೈ ಬಟ್ಟೆಯ ಮೇಲೆ ನಿಧಾನವಾಗಿ ಆಡುತ್ತದೆ.

"ಯಾವ ಕುರೀದಮ್ಮಿ?"

"ಮೋಟುಕಿವೀದು ಕಣಿ."

ಕೈ ನಿಲ್ಲುತ್ತದೆ. "ಅದ ಮಾರ್ಬುಟ್ಟಿದ್ವಲ್ಲಮ್ಮಿ" ಎನ್ನುತ್ತಾರೆ ಮಾಯಣ್ಣ, ಮೂರು ವರ್ಷದಲ್ಲಿ ಮೊದಲ ಬಾರಿಗೆ.

ಭದ್ರಮ್ಮ ಹೊದಿಕೆಯನ್ನು ಅವರ ಎದೆಯವರೆಗೆ ಎಳೆಯುತ್ತಾರೆ. "ಮಾರಿದ್ವು ಕಣಿ. ಉಣ್ಣೆ ಮಡೀಕಂಡಿದ್ದೆ."